ಮೆಟ್ಟಿಲಿಲ್ಲದ ಬಾಗಿಲು

ಈ ಊರಿನಲ್ಲಿ ಕಟ್ಟಡಕ್ಕೆ ಮೊದಲ ಕಲ್ಲಿಟ್ಟವರ ಹೆಸರು ಕಲ್ಲಿನ ಮೇಲಿದೆ. ಬಾಗಿಲಿಗೆ ಕಟ್ಟಿದ ರಿಬ್ಬನ್ನು ಕತ್ತರಿಸಿದವರ ಹೆಸರು ಅದರ ಕೆಳಗಿದೆ. ಯಾವಾಗಲೋ ಒಂದು ಸಲ ಸುಣ್ಣ ಬಳಿಸಿದ ಪುಣ್ಯಾತ್ಮರೂ ಪಕ್ಕದಲ್ಲಿ ಹೆಸರು ಕೆತ್ತಿಸಿಕೊಂಡು ಹೋಗಿದ್ದಾರೆ. ಆ ಕಟ್ಟಡವನ್ನು ಮೂವತ್ತು ವರ್ಷ ಕಣ್ಣು ನೆಟ್ಟು ನೋಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ. ಇದ್ದರೆ, ನಕ್ಷೆಯ ಬಲಮೂಲೆಯ ಚೌಕದಲ್ಲಿ, ಇರುವೆ ನಡೆದುಹೋದಷ್ಟು ಸಣ್ಣಗೆ: "ಟ್ರೇಸ್ ಮಾಡಿದವರು" ಅಂತ, ಮುಂದೆ ಎರಡಕ್ಷರ.

ಆ ಎರಡಕ್ಷರದ ಹೆಂಗಸು ನಗರಸಭೆಯ ನಕ್ಷೆ ವಿಭಾಗದಲ್ಲಿ ಟ್ರೇಸರಮ್ಮ. ನಿವೃತ್ತಿಗೆ ಮೂರು ತಿಂಗಳಿತ್ತು. ಪೂರ್ತಿ ಹೆಸರು ಹಾಜರಿ ಪುಸ್ತಕಕ್ಕೆ ಗೊತ್ತು, ಗಂಡನಿಗೆ ಗೊತ್ತು. ಗಂಡನೂ ಕರೆಯುವುದು "ಲೇ ಇವಳೇ" ಎಂದೇ.

ಟ್ರೇಸರ್ ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಕಂಪ್ಯೂಟರ್ ಬರುವ ಮೊದಲು ನಕ್ಷೆ ಮೂರು ಕೈ ದಾಟಿ ಬರುತ್ತಿತ್ತು. ಒಬ್ಬರು ಟೇಪು ಹಿಡಿದು ಅಳೆಯುವವರು. ಇನ್ನೊಬ್ಬರು ಆ ಅಳತೆಯನ್ನು ಪೆನ್ಸಿಲಿನಲ್ಲಿ ಹಾಳೆಗೆ ಕೂರಿಸುವವರು. ಮೂರನೆಯವರು ಅದರ ಮೇಲೆ, ಕೆಳಗಿನದು ಕಾಣುವಂಥ ತೆಳ್ಳನೆಯ ಟ್ರೇಸಿಂಗ್ ಹಾಳೆ ಹಾಸಿ, ಶಾಯಿಯಲ್ಲಿ ಗೆರೆ ಎಳೆಯುವವರು. ಆ ಶಾಯಿ ಒರೆಸಿದರೆ ಹೋಗುವಂಥದ್ದಲ್ಲ. ತಪ್ಪಿದರೆ ಬ್ಲೇಡಿನ ಮೂಲೆಯಿಂದ, ಉಸಿರು ಬಿಗಿಹಿಡಿದು, ಕೆರೆದು ತೆಗೆಯಬೇಕು. ಚೂರು ಒತ್ತಿದರೆ ಹಾಳೆಯೇ ತೂತು. ವಿಭಾಗದಲ್ಲಿ ಎಲ್ಲರ ಬ್ಲೇಡೂ ವಾರಕ್ಕೊಂದರಂತೆ ಮೊಂಡಾಗುತ್ತಿತ್ತು, ಈಕೆಯದೊಂದು ಬಿಟ್ಟು. "ಬ್ಲೇಡು ಬೇಕಾ? ಅಕ್ಕನ ಡ್ರಾಯರ್ ನೋಡಿ. ಕಾಗದ ಸುತ್ತಿದ್ದು ಸುತ್ತಿದ ಹಾಗೇ ಇರತ್ತೆ," ಎನ್ನುವುದು ಅಲ್ಲಿನ ಮಾತು. ಹೊಗಳಿಕೆಯನ್ನು ಆಕೆ ನಕ್ಕು ತಳ್ಳಿಹಾಕುತ್ತಿದ್ದಳು. ಆ ನಗುವಿನ ಹಿಂದೆ ಏನಿತ್ತು ಎನ್ನುವುದು ಮುಂದೆ ಬರುತ್ತದೆ.

ಕಂಪ್ಯೂಟರ್ ಬಂದಾಗ ಮರದ ದೊಡ್ಡ ನಕ್ಷೆ ಮೇಜುಗಳನ್ನು ಕಚೇರಿಯ ಹಿತ್ತಲಿಗೆ ಎಸೆದರು. ನಲವತ್ತು ವರ್ಷ ಊರನ್ನು ಹೊತ್ತ ಮೇಜುಗಳು ಬಿಸಿಲಲ್ಲಿ ಸೀಳುಬಿಟ್ಟವು. ಆಕೆ ಕಂಪ್ಯೂಟರ್ ಕಲಿತಳು, ತನ್ನ ಅರ್ಧ ವಯಸ್ಸಿನವರಿಗೂ ಕಲಿಸಿದಳು. ಅರ್ಜಿ ಬರೆದುಕೊಟ್ಟು ಒಂದು ಮೇಜನ್ನು ಮನೆಗೆ ತಂದಳು. ಎರಡು ಕೋಣೆಯ ಮನೆಯಲ್ಲಿ ಅದು ನಡುಮನೆಯ ಅರ್ಧ ನುಂಗಿತು. ಗಂಡ ಬಸ್ ಕಂಡಕ್ಟರ್, ತನ್ನ ಯೂನಿಫಾರಂ ಅದರ ಮೇಲೇ ಇಸ್ತ್ರಿ ಮಾಡುತ್ತಾ, "ನಮ್ಮನೇಲಿ ಇರೋದು ಮೂರು ಜನ, ಆದ್ರೆ ಸೀಟ್ ಹಿಡ್ಕೊಂಡಿರೋದು ಈ ಮೇಜು ಒಂದೇ. ನಾವೆಲ್ಲ ನಿಂತು ಪ್ರಯಾಣ," ಎನ್ನುತ್ತಿದ್ದ.

ಆ ಮೇಜಿನ ಕೆಳಗೆ ನಲವತ್ತೊಂದು ನೋಟ್‌ಬುಕ್ಕುಗಳಿವೆ. ಅವುಗಳಲ್ಲಿ ಊರಿದೆ.

ಪ್ರತಿ ಭಾನುವಾರ ಬೆಳಗಿನ ಕಾಫಿ ಮುಗಿದರೆ ಹೊರಟಳೆಂದೇ ಅರ್ಥ. ಗಂಡನಿಗೆ ಪಾಳಿ ಇಲ್ಲದಿದ್ದರೆ ಮಡಚುವ ಸ್ಟೂಲು ಹಿಡಿದು ಅವನೂ ಹಿಂದೆ. ಹಳೇ ನ್ಯಾಯಾಲಯದ ಹನ್ನೆರಡು ಕಂಬಗಳಲ್ಲಿ ಒಂಬತ್ತನೆಯದು ಉಳಿದವಕ್ಕಿಂತ ನಾಲ್ಕು ಬೆರಳು ದಪ್ಪ ಎಂದು ಈ ಊರಿನಲ್ಲಿ ಗೊತ್ತಿರುವುದು ಆಕೆಗೆ ಮಾತ್ರ. ನೀರಿನ ಗೋಪುರದ ಒಳಮೆಟ್ಟಿಲು ಬಲಕ್ಕೆ ಸುತ್ತುತ್ತದೆ, ಯಾಕೆಂದರೆ ಬಲಗೈಯಲ್ಲಿ ಬೀಗದ ಕೈ ಹಿಡಿದವನಿಗೆ ಎಡಗೈಗೆ ಗೋಡೆ ಸಿಗಬೇಕು. ಅಂಚೆ ಕಚೇರಿಯ ಕಮಾನುಗಳನ್ನು ಕಟ್ಟಿದ ಗಾರೆಯವನು ಕೊನೆಯದಕ್ಕೆ ಬರುವಷ್ಟರಲ್ಲಿ ದಣಿದಿದ್ದ, ಅದೊಂದು ಕೂದಲಿನಷ್ಟು ಬಾಗಿದೆ. ಇವೆಲ್ಲ ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕ ಬರೆಯುವವರು ಕಟ್ಟಿಸಿದವರ ವಂಶಾವಳಿ ಬರೆಯುತ್ತಾರೆ. ಕಟ್ಟಿದವನ ದಣಿವು ಯಾರಿಗೆ ಬೇಕು? ಊರಿನ ತುಂಬ ಗಾಜಿನ ಡಬ್ಬಿಗಳು ಎದ್ದು ನಿಂತಿವೆ. ಯಾವ ಊರಿನಿಂದ ಯಾವ ಊರಿಗೆ ಎತ್ತಿಟ್ಟರೂ ಅವಕ್ಕೆ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಇಂಥ ಊರಿನಲ್ಲಿ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕೂತು ಬಾಗಿದ ಕಮಾನನ್ನು ಬಾಗಿದ ಹಾಗೇ ಬರೆದುಕೊಳ್ಳುತ್ತಿದ್ದಳು ಎನ್ನುವುದೇ ಊರಿಗೆ ಒಂದು ಮರ್ಯಾದೆ.

ಬರೆಯುವುದಕ್ಕೆ ಆಕೆಗೆ ಒಂದು ಕಟ್ಟುನಿಟ್ಟು ಇತ್ತು. ಅರ್ಧ ಬರೆದು ಎದ್ದು ಬರುತ್ತಿರಲಿಲ್ಲ. ಎಡ ಬಲ ಎರಡೂ ಒಂದೇ ಥರ ಇರುವ ಕಟ್ಟಡವಾದರೂ ಎರಡನ್ನೂ ನೋಡಿಯೇ ಬರೆಯಬೇಕು, ಪ್ರತಿ ಕಿಟಕಿಯನ್ನೂ ಎಣಿಸಬೇಕು. ಒಮ್ಮೆ ಹಳೇ ಶಾಲೆಯ ಕಾವಲುಗಾರ ಬಿಸಿಲಿಗೆ ಕನಿಕರಪಟ್ಟು, "ಅಕ್ಕಾ, ಈ ಕಡೆ ಇದ್ದಿದ್ದೇ ಆ ಕಡೆನೂ ಇರೋದು. ಉಳಿದಿದ್ದು ಮನೇಲಿ ಫ್ಯಾನ್ ಕೆಳಗೆ ಬರ್ಕೋಬಾರದಾ?" ಎಂದ.

"ನೀನು ಆ ಕಡೆ ನೋಡಿದೀಯೇನಪ್ಪ?"

"ಹದಿನಾರು ವರ್ಷದಿಂದ ಕಾಯ್ತಿದೀನಿ!"

"ಆ ಕಡೆ ಕಿಟಕಿ ಎಷ್ಟು ಹೇಳು."

ಕಾವಲುಗಾರ ಎಣಿಸುವುದಕ್ಕೆ ಎದ್ದುಹೋದ.

"ಪಾಪ, ಅವನಿಗೂ ಹಿಡಿಸಿದೆಯಲ್ಲೇ ಈ ಹುಚ್ಚು," ಎಂದು ಗಂಡ ನಕ್ಕ.

ಗಂಡನ ಹತ್ತಿರ ಒಂದು ಕಥೆಯಿತ್ತು. ನೆಂಟರು ಬಂದರೆ, ಡಿಪೋದಲ್ಲಿ ಟೀ ಕುಡಿಯುತ್ತಾ ಕೂತರೆ, ಇಪ್ಪತ್ತೆಂಟು ವರ್ಷದಿಂದ ಅದೇ ಕಥೆ. "ನಮ್ಮವಳಿಗೆ ನೋವು ಬಂದಾಗ ಬಾಡಿಗೆ ಕಾರಲ್ಲಿ ಹೆರಿಗೆ ಆಸ್ಪತ್ರೆಗೆ ಕರ್ಕೊಂಡೋದೆ. ನರ್ಸಮ್ಮ ಗಾಲಿ ಮಂಚದ ಮೇಲೆ ಮಲಗಿಸಿ ದಡದಡ ತಳ್ಕೊಂಡು ಒಳಗೆ ಹೋದ್ರು. ಬೇರೆ ಹೆಂಗಸರು ಅಮ್ಮಾ ಅಂತಾರೆ, ಅಯ್ಯೋ ಅಂತಾರೆ, ಗಂಡಂಗೆ ನಾಲ್ಕು ಬೈತಾರೆ. ಇವಳು ಎದ್ದು ಕೂತು ಕೂಗಿದ್ದೇನು ಗೊತ್ತಾ? ಮೆಟ್ಟಿಲೆಲ್ಲಿ, ಐದು ಮೆಟ್ಟಿಲೆಲ್ಲಿ ಅಂತ! ನರ್ಸಮ್ಮ ಹೇಳಿದ್ರು, ಸುಮ್ನೆ ಮಲ್ಕೊಳಮ್ಮ, ಇಲ್ಲಿ ಮಕ್ಕಳು ಸಿಗ್ತವೆ, ಮೆಟ್ಟಿಲು ಸಿಗಲ್ಲ ಅಂತ."

ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಆ ದಿನ ಹುಟ್ಟಿದ ಮಗಳು ಈಗ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸದಲ್ಲಿದ್ದಾಳೆ. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತಿರುವಿ ಹಾಕಿದ ಮೇಲೆ ಅವಳು ಒಮ್ಮೆ ಕೇಳಿದಳು: "ಅಮ್ಮ, ಊರೆಲ್ಲ ಬರ್ದಿದೀಯ. ಸ್ಮಶಾನದ ಗೇಟು ಕೂಡ ಬಿಟ್ಟಿಲ್ಲ. ನಾನು ಹುಟ್ಟಿದ ಆಸ್ಪತ್ರೆ ಒಂದೇ ಇಲ್ವಲ್ಲ?"

"ಬರೀತೀನಿ ಬಿಡೇ. ಎಲ್ಲಿಗೆ ಓಡೋಗತ್ತೆ ಅದು."

ಓಡಿಹೋಗುವುದಿಲ್ಲ ಎಂದುಕೊಂಡಿದ್ದಳು. ಆದರೆ ಈ ಊರಿನಲ್ಲಿ ಕಟ್ಟಡಗಳು ಓಡಿಹೋಗುವುದಿಲ್ಲ, ಅವುಗಳನ್ನು ಓಡಿಸುತ್ತಾರೆ.

ನಗರಸಭೆ ಕಚೇರಿಯಿಂದ ಎರಡು ಫರ್ಲಾಂಗು ದೂರದಲ್ಲಿದೆ ಹಳೇ ಹೆರಿಗೆ ಆಸ್ಪತ್ರೆ. ನಡುವೆ ಎತ್ತರದ ಮುಖಮಂಟಪ, ಎರಡೂ ಕಡೆ ರೆಕ್ಕೆಯಂತೆ ಚಾಚಿದ ಭಾಗಗಳು, ಪ್ರತಿ ಕಿಟಕಿಯ ಮೇಲೆ ಆರು ಎಸಳಿನ ಕಲ್ಲಿನ ಹೂವು. ಆಸ್ಪತ್ರೆ ಹೊಸ ಜಾಗಕ್ಕೆ ಹೋಗಿ ಹದಿನೈದು ವರ್ಷವಾಯಿತು. ಈಗ ಅಲ್ಲಿ ಕಡತಗಳು ಮಲಗುತ್ತವೆ. ಅಧಿಕಾರಿಗಳ ವಾಹನ ನಿಲ್ಲಿಸಲು ಜಾಗ ಸಾಲದು ಎಂದು ಅದರ ಎಡಭಾಗವನ್ನು ಕೆಡವುವ ಯೋಜನೆ ಬಂತು. ಊರಿನ ಅರ್ಧದಷ್ಟು ಜನ ಮೊದಲು ಉಸಿರೆಳೆದ ಜಾಗದಲ್ಲಿ ಇನ್ನು ಮೇಲೆ ಕಾರುಗಳು ಹೊಗೆ ಬಿಡಬೇಕು. ಹಳೇ ಕಟ್ಟಡ ಮುಟ್ಟಬಾರದು ಎಂಬ ನಿಯಮವಿತ್ತಲ್ಲ? ಇತ್ತು. ಅದಕ್ಕೊಂದು ಕಿಂಡಿಯೂ ಇತ್ತು: ಮೂಲ ಸ್ವರೂಪ ಉಳಿಸಿಕೊಂಡ ಭಾಗಕ್ಕೆ ಮಾತ್ರ ರಕ್ಷಣೆ, ನಂತರ ಬದಲಾಯಿಸಿದ ಭಾಗಕ್ಕೆ ಇಲ್ಲ. ಅಧಿಕೃತ ನಕ್ಷೆಯಲ್ಲಿ ಬಲಕ್ಕೂ ಎಡಕ್ಕೂ ಏಳೇಳು ಕಿಟಕಿ, ತುದಿಯಲ್ಲಿ ಐದು ಮೆಟ್ಟಿಲಿನ ಕಿರುಬಾಗಿಲು. ಇವತ್ತು ಹೋಗಿ ನೋಡಿದರೆ ಎಡಕ್ಕೆ ಐದೇ ಕಿಟಕಿ, ತುದಿಯಲ್ಲಿ ಮೆಟ್ಟಿಲೇ ಇಲ್ಲದ ಅಗಲ ಬಾಗಿಲು. ಅಂದಮೇಲೆ ಯಾರೋ ಬದಲಾಯಿಸಿದ್ದಾರೆ, ಅಂದಮೇಲೆ ಕೆಡವಬಹುದು.

ಯಾರೂ ಬದಲಾಯಿಸಿರಲಿಲ್ಲ. ಕಟ್ಟಡ ಕಟ್ಟಿದ ದಿನದಿಂದ ಹಾಗೇ ಇತ್ತು. ತಪ್ಪಿದ್ದು ನಕ್ಷೆ. ಅದರ ಬಲಮೂಲೆಯ ಎರಡಕ್ಷರ ಟ್ರೇಸರಮ್ಮನದು.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಆಸ್ಪತ್ರೆಯ ಹಳೇ ನಕ್ಷೆ ಸಿಗದೆ ದಾಖಲೆಗೆ ಹೊಸದು ಮಾಡಿಸುವಾಗ ಅಳತೆಯವರು ಬಲಭಾಗ ಅಳೆದು ಬಂದರು. ಎಡಭಾಗ ಹೆರಿಗೆ ಕೋಣೆಗಳಿದ್ದ ಕಡೆ. ಗಂಡಸರು ಆ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. "ಆ ಕಡೆನೂ ಇದೇ ಇರತ್ತೆ, ಮಡಚಿ ಎಳೀಮ್ಮ," ಎಂದರು ನಕ್ಷೆ ಬರೆಯುವವರ ಮುಖ್ಯಸ್ಥರಾದ ಹೆಡ್ ಡ್ರಾಫ್ಟ್ಸ್‌ಮನ್. ಮಡಚಿ ಎಳೆಯುವುದು ಆ ಕಸುಬಿನ ಒಳದಾರಿ. ಹಾಳೆಯ ಬಲ ಅರ್ಧಕ್ಕೆ ಶಾಯಿ ಹಾಕಿ, ಒಣಗಿಸಿ, ನಡುಗೆರೆಯಲ್ಲಿ ಮಡಚಿ, ಖಾಲಿ ಅರ್ಧವನ್ನು ಅದರ ಮೇಲೆ ತಂದರೆ ಕೆಳಗಿನ ಗೆರೆ ಮೇಲಕ್ಕೆ ಕಾಣುತ್ತದೆ. ಅದನ್ನೇ ಹಾಳೆಯ ಬೆನ್ನಿನ ಮೇಲೆ ತಿದ್ದಿ, ಬಿಡಿಸಿದರೆ ಕಟ್ಟಡ ಪೂರ್ತಿ. ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ಆ ಹಾಳೆಯಿಂದ ತೆಗೆಯುವ ನೀಲಿ ಪ್ರತಿಯಲ್ಲಿ, ಅಂದರೆ ಬ್ಲೂಪ್ರಿಂಟಿನಲ್ಲಿ, ಯಾರಿಗೂ ಗೊತ್ತಾಗುವುದಿಲ್ಲ.

ವಿಭಾಗದಲ್ಲಿ ಇದ್ದ ಒಬ್ಬಳೇ ಹೆಂಗಸು ಆಕೆ. ಆ ಅಂಗಳಕ್ಕೆ ಕಾಲಿಡಬಹುದಾಗಿದ್ದವಳೂ ಆಕೆಯೊಬ್ಬಳೇ. ಹೋಗಿ ನೋಡಿ ಬಾ ಎಂದು ಯಾರೂ ಹೇಳಲಿಲ್ಲ. ಆದರೆ ಹೋಗಬೇಡ ಎಂದೂ ಯಾರೂ ಹೇಳಿರಲಿಲ್ಲವಲ್ಲ! ಎಂಟು ತಿಂಗಳ ಬಸುರಿ, ಕಾಲು ಊದಿತ್ತು, ಬೇಗ ಮನೆ ಸೇರಬೇಕಿತ್ತು. ಮಡಚಿದಳು. ಎಳೆದಳು. ಒಂದೂ ಗೆರೆ ಕೆರೆಯಬೇಕಾಗಲಿಲ್ಲ. ಬಲಗಡೆಯ ಮೂರನೆಯ ಕಿಟಕಿಯ ಮೇಲಿನ ಹೂವಿಗೆ ಒಂದು ಎಸಳು ಮುರಿದಿದೆ ಎಂದು ಅಳತೆಯವರು ಗುರುತು ಹಾಕಿದ್ದರು. ಅದನ್ನೂ ಮುರಿದ ಹಾಗೇ ಬರೆದು, ತನ್ನ ಕೈಯ ನಾಜೂಕಿಗೆ ತಾನೇ ಬೀಗಿದಳು.

ಒಂದು ತಿಂಗಳ ಮೇಲೆ ಗಾಲಿ ಮಂಚದ ಮೇಲೆ ಮಲಗಿ ಅದೇ ಎಡಬಾಗಿಲ ಕಡೆ ಹೋಗುವಾಗ, ಹಲ್ಲು ಕಚ್ಚಿ ಕಾದಳು. ಈಗ ಐದು ಸಲ ಎತ್ತಿಹಾಕುತ್ತಾರೆ, ಐದು ಸಲ ಜೀವ ಹೋಗುತ್ತದೆ ಎಂದು. ಮಂಚ ನೀರಿನ ಮೇಲೆ ದೋಣಿ ಹೋದ ಹಾಗೆ ಒಳಗೆ ಹೋಯಿತು. ಆ ಕಡೆ ಕಟ್ಟಿದವನು ಯಾರೋ, ನೋವಿನಲ್ಲಿರುವ ಹೆಂಗಸು ಮೆಟ್ಟಿಲು ಹತ್ತಬಾರದು ಎಂದು ಯೋಚಿಸಿದ್ದ. ಎರಡು ಕಿಟಕಿಯ ಜಾಗವನ್ನು ಬಾಗಿಲಿಗೆ ಕೊಟ್ಟಿದ್ದ. ಅಂಗಳವನ್ನೇ ಇಳಿಜಾರಾಗಿ ಹೊಸಿಲಿಗೆ ತಂದು ಮುಟ್ಟಿಸಿದ್ದ. ಅವನ ಆ ಯೋಚನೆಯನ್ನು ಈಕೆ ಅರ್ಧ ದಿನದಲ್ಲಿ ಅಳಿಸಿಹಾಕಿದ್ದಳು. ಮೆಟ್ಟಿಲೆಲ್ಲಿ ಎಂದು ಕೂಗಿದ್ದು ಅದಕ್ಕೆ.

ರಜೆ ಮುಗಿಸಿ ಬಂದು ಹೆಡ್ ಡ್ರಾಫ್ಟ್ಸ್‌ಮನ್ ಹತ್ತಿರ ಮೆಲ್ಲಗೆ ಬಾಯಿಬಿಟ್ಟಾಗ ಅವರು ಕನ್ನಡಕದ ಮೇಲಿಂದ ನೋಡಿದರು. "ಸಹಿ ಬಿದ್ದಾಗಿದೆಯಮ್ಮ. ಸಹಿ ಬಿದ್ದ ಮೇಲೆ ನಕ್ಷೆ ತಪ್ಪಿರಲ್ಲ. ತಪ್ಪಿದ್ರೆ ಕಟ್ಟಡ ತಪ್ಪಿರತ್ತೆ," ಎಂದು ನಕ್ಕರು. ಅದು ಆ ದಿನಕ್ಕೆ ನಗೆಮಾತು. ಆಕೆ ಸುಮ್ಮನಾದಳು. ಆ ವರ್ಷದಿಂದಲೇ ಭಾನುವಾರಗಳು ಶುರುವಾದವು.

ಅಧಿಕಾರಿಗಳು ಆ ನಗೆಮಾತನ್ನು ಈಗ ಆಡಳಿತ ಮಾಡಿಬಿಟ್ಟಿದ್ದರು. ನಕ್ಷೆಗೆ ಜ್ವರ ಬಂದರೆ ಕಟ್ಟಡಕ್ಕೆ ಬರೆ.

ಮೊದಲು ಆಕೆ ಅಡ್ಡಗೋಡೆ ಮೇಲೆ ದೀಪ ಇಡಲು ನೋಡಿದಳು. ಮುಖ್ಯ ಎಂಜಿನಿಯರರ ಕೋಣೆಗೆ ಹೋದಳು. ಇಪ್ಪತ್ತು ವರ್ಷದ ಹಿಂದೆ ಹೊಸದಾಗಿ ಸೇರಿದಾಗ ಆಕೆಯ ಪಕ್ಕ ನಿಂತು ಶಾಯಿ ಪೆನ್ನು ಹಿಡಿಯಲು ಕಲಿತವರು ಅವರು.

"ಸಾರ್, ಎಡಭಾಗ ಇನ್ನೊಂದು ಸಲ ಅಳತೆ ಮಾಡಿಸಿದ್ರೆ ಒಳ್ಳೇದಿತ್ತು."

"ಯಾಕಕ್ಕಾ? ನಿಮ್ಮ ಗೆರೆ ಮೇಲೆ ನನಗೆ ಅನುಮಾನಾನಾ? ನೀವು ಹಾಯಾಗಿರಿ. ಮೂರು ತಿಂಗಳಲ್ಲಿ ಹಾರ ಹಾಕಿಸ್ಕೊಂಡು ಮನೆಗೆ ಹೋಗೋರು."

ಹಾಯಾಗಿರು ಎನ್ನುವ ಮಾತಿಗಿಂತ ಸುಲಭವಾದ ಲಂಚ ಇನ್ನೊಂದಿಲ್ಲ. ಕೈಗೆ ಏನೂ ಅಂಟುವುದಿಲ್ಲ. ಆಕೆ ಹತ್ತು ದಿನ ಹಾಯಾಗಿರಲು ಪ್ರಯತ್ನಪಟ್ಟಳು. ಬಾಯಿಬಿಟ್ಟರೆ ಮೂವತ್ತಮೂರು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ನೀರುಪಾಲು. ಬಿಡದಿದ್ದರೆ ಬಾಗಿಲು ಮಣ್ಣುಪಾಲು. "ಏನೇ, ಮುಂದಿನ ಸ್ಟಾಪಲ್ಲಿ ಇಳಿಯೋರ ಥರ ಬಾಗಿಲಲ್ಲೇ ನಿಂತಿರ್ತೀಯ," ಎಂದು ಗಂಡ ಕೇಳಿದರೆ ಸೊಂಟ ನೋವು ಎಂದಳು.

ಆಕ್ಷೇಪಣೆ ಕೇಳುವ ಸಭೆ ಒಂದು ಬುಧವಾರ ಹನ್ನೊಂದು ಗಂಟೆಗೆ, ಕಚೇರಿಯ ದೊಡ್ಡ ಹಜಾರದಲ್ಲಿ. ನಕ್ಷೆಗಳನ್ನು ತೆಗೆದುಕೊಡುವುದಕ್ಕೆ ಟ್ರೇಸರಮ್ಮ ಮೊದಲ ಸಾಲಿನ ತುದಿಯಲ್ಲಿ, ಕಾಲ ಬಳಿ ಉದ್ದ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ಹಿಂದಿನ ಸಾಲಿನಲ್ಲಿ ಗಂಡ, ಮಗಳು ಬರೆದುಕೊಟ್ಟ ಆಕ್ಷೇಪಣೆ ಜೇಬಿನಲ್ಲಿ. ನಲವತ್ತು ಜನ ಸೇರಿದ್ದರು. ಮೊದಲು ಎದ್ದವಳು ಊರುಗೋಲು ಹಿಡಿದ ಒಬ್ಬ ಮುದುಕಿ.

"ನಾನು ಆ ಆಸ್ಪತ್ರೇಲಿ ಮೂವತ್ತು ವರ್ಷ ನರ್ಸಾಗಿದ್ದೆ. ನಾನು ಸೇರೋಕ್ಕಿಂತ ಮುಂಚೆಯಿಂದ ಆ ಬಾಗಿಲು ಹಂಗೇ ಐತೆ. ನನಗೆ ಕೆಲಸ ಕಲಿಸಿದ ದೊಡ್ಡ ನರ್ಸಮ್ಮನೂ ಅದೇ ಬಾಗಿಲಲ್ಲಿ ಮಂಚ ತಳ್ಳಿದೋರು. ಆಮೇಲೆ ಮಾಡಿದ್ದು ಅಂತ ಯಾರು ಹೇಳಿದ್ದು ನಿಮಗೆ?"

ಮುಖ್ಯ ಎಂಜಿನಿಯರರು ಬ್ಲೂಪ್ರಿಂಟನ್ನು ಎತ್ತಿ ಹಿಡಿದರು. "ಅಜ್ಜಿ, ನಿಮ್ಮ ವಯಸ್ಸಿಗೆ ಗೌರವ ಕೊಡ್ತೀನಿ. ಆದ್ರೆ ನೆನಪು ಬೇರೆ, ದಾಖಲೆ ಬೇರೆ. ವಯಸ್ಸಾದ ಮೇಲೆ ಒಂದಕ್ಕೊಂದು ಕಲೆಸಿಹೋಗತ್ತೆ. ಇದನ್ನ ಬರೆದ ಕೈ ಯಾವುದು ಗೊತ್ತಾ? ಮೂವತ್ತಮೂರು ವರ್ಷ ಒಂದು ಗೆರೆ ತಪ್ಪದ ಕೈ. ಇಗೋ, ಇಲ್ಲೇ ಕೂತಿದ್ದಾರೆ. ಬೇಕಾದ್ರೆ ಅವರನ್ನೇ ಕೇಳಿ."

ಜನ ತಿರುಗಿ ನೋಡಿದರು. ಯಾರೋ ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಮುದುಕಿ ನಿಂತಲ್ಲೇ ಸಣ್ಣಗಾದಳು. "ನಂಗೆ ಅಷ್ಟೂ ಗೊತ್ತಾಗಲ್ವೇನಪ್ಪ..." ಎಂದಳು, ಆದರೆ ದನಿಯಲ್ಲಿ ಅವಳಿಗೇ ಅನುಮಾನ ಹುಟ್ಟಿತ್ತು. ಮೂವತ್ತು ವರ್ಷ ಮಂಚ ತಳ್ಳಿದ ಬಾಗಿಲನ್ನು ಒಂದು ಕಾಗದ ಆಕೆಯ ತಲೆಯಿಂದಲೇ ಕಿತ್ತುಹಾಕುತ್ತಿತ್ತು.

ಟ್ರೇಸರಮ್ಮ ಎದ್ದು ನಿಂತಳು.

"ಸಾರ್, ಅವರು ಹೇಳ್ತಿರೋದು ಸರಿ. ನಕ್ಷೆ ತಪ್ಪು. ತಪ್ಪು ಮಾಡಿದ್ದು ನಾನು."

ಮುಖ್ಯ ಎಂಜಿನಿಯರರು ತಗ್ಗಿದ ದನಿಯಲ್ಲಿ, "ಅಕ್ಕಾ, ಆಮೇಲೆ ಮಾತಾಡೋಣ, ಕೂತ್ಕೊಳಿ," ಎಂದರು.

"ಆಮೇಲೆ ಅಂತಾನೇ ಇಪ್ಪತ್ತೆಂಟು ವರ್ಷ ಕಳೆದೆ ಸಾರ್."

ಡಬ್ಬಿ ತೆರೆದು ಮೂಲ ಟ್ರೇಸಿಂಗ್ ಹಾಳೆಯನ್ನು ಹೊರತೆಗೆದಳು. ಬ್ಲೂಪ್ರಿಂಟುಗಳನ್ನು ಎಲ್ಲರೂ ನೋಡಿದ್ದರು. ತಾಯಿಹಾಳೆಯನ್ನು ಇಷ್ಟು ವರ್ಷ ಯಾರೂ ಬಿಚ್ಚಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ಮೇಲಿಂದ ಕೆಳಗೆ ಮಡಿಕೆಯ ಗುರುತು, ಬೈತಲೆಯ ಹಾಗೆ.

"ಒಂದು ಕಡೆ ಮಾತ್ರ ಅಳತೆ ಇತ್ತು. ಇಲ್ಲಿ ಮಡಚಿ ಇನ್ನೊಂದು ಕಡೆ ಎಳೆದೆ. ಬನ್ನಿ ಸಾರ್, ಬೆರಳಾಡಿಸಿ ನೋಡಿ. ಬಲಗಡೆ ಶಾಯಿ ಹಾಳೆ ಮುಂದೆ ಇದೆ. ಎಡಗಡೆದು ಬೆನ್ನ ಮೇಲಿದೆ. ನೋಡಿ ಬರೆದಿದ್ರೆ ಎರಡೂ ಒಂದೇ ಕಡೆ ಇರ್ತಿತ್ತು. ಇನ್ನೂ ನಂಬಿಕೆ ಬರ್ಲಿಲ್ಲ ಅಂದ್ರೆ ಮೂರನೇ ಕಿಟಕಿ ಹೂವು ನೋಡಿ. ಬಲಗಡೆ ಒಂದು ಎಸಳು ಮುರಿದಿದೆ. ಎಡಗಡೆನೂ ಅದೇ ಹೂವು, ಅದೇ ಎಸಳು ಮುರಿದಿದೆ. ಎರಡು ಕಡೆ ಒಂದೇ ಕಲ್ಲು ಒಂದೇ ಥರ ಮುರಿಯತ್ತಾ ಸಾರ್? ಎರಡು ಫರ್ಲಾಂಗು ನಡೆದ್ರೆ ನಿಜವಾದ ಹೂವು ಸಿಗತ್ತೆ. ನಾನು ಅವತ್ತು ನಡೀಲಿಲ್ಲ. ಇವತ್ತು ಎಲ್ಲರೂ ನಡೆಯೋಣ."

ಮುದುಕಿ ಊರುಗೋಲು ಊರಿಕೊಂಡು ಹತ್ತಿರ ಬಂದಳು. ತನ್ನ ಮುಖವನ್ನು ಟ್ರೇಸರಮ್ಮನ ಮುಖದ ಹತ್ತಿರ ತಂದು ನೋಡಿದಳು.

"ಐದು ಮೆಟ್ಟಿಲು ಕೇಳಿದೋಳು ನೀನೇನಾ?"

"ನಾನೇ ನರ್ಸಮ್ಮ."

"ಅಲ್ಲ ಕಣೇ, ಅವತ್ತೇ ಬಾಯಿಬಿಟ್ಟು ಹೇಳೋದಲ್ವಾ! ನಾನು ಹೆರಿಗೆ ನೋವಿಗೆ ತಲೆ ಕೆಟ್ಟಿದೆ ಅಂತ ಡಾಕ್ಟರಮ್ಮನಿಗೆ ಹೇಳಿಬಿಟ್ಟಿದ್ದೆ!"

ಹಜಾರ ನಕ್ಕಿತು. ನಗದವನು ಹಿಂದಿನ ಸಾಲಿನ ಕಂಡಕ್ಟರ್ ಒಬ್ಬನೇ. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹಂಚಿದ ತಮಾಷೆ ತನ್ನ ಕೈಯಲ್ಲೇ ಹೊರಳಿಕೊಂಡು ಅವನ ಮುಖ ನೋಡುತ್ತಿತ್ತು. ಅವನು ಎದ್ದು ನಿಂತ. ಜೇಬಿನ ಕಾಗದ ಮರೆತೇಹೋಗಿತ್ತು. "ಏನ್ ನೋಡ್ತಾ ನಿಂತಿದೀರಿ? ಮುಂದೆ ಹೋಗಿ, ಮುಂದೆ ಹೋಗಿ!" ಎಂದು ಬಸ್ಸಿನಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದ.

ಜನ ಹೊರಟರು. ಎರಡು ಫರ್ಲಾಂಗು, ನಡುಮಧ್ಯಾಹ್ನ, ಮುಂದೆ ಊರುಗೋಲು, ಹಿಂದೆ ನಲವತ್ತು ಜನ. ಎಂಜಿನಿಯರರಿಗೂ ನಡೆಯದೆ ವಿಧಿಯಿರಲಿಲ್ಲ. ಬಲಗಡೆಯ ಹೂವಿಗೆ ಐದು ಎಸಳು. ಎಡಗಡೆಯದಕ್ಕೆ ಆರೂ ಇದ್ದವು, ಇಟ್ಟ ದಿನದ ಹಾಗೆ. ತುದಿಯ ಅಗಲ ಬಾಗಿಲಿನ ಮುಂದೆ ಎಂಜಿನಿಯರರು ಬಗ್ಗಿ ನೋಡಿದರು. ಹೊಸಿಲ ಕಲ್ಲು ನಡುವೆ ಎರಡು ಕಡೆ ಸವೆದು ಹಳ್ಳವಾಗಿತ್ತು, ಗಾಲಿಗಳ ನಡುವಿನ ಅಳತೆಗೆ ಸರಿಯಾಗಿ. ಕಲ್ಲು ಹಾಗೆ ಸವೆಯಲು ಎಷ್ಟು ಸಾವಿರ ತಾಯಂದಿರು ದಾಟಬೇಕು ಎಂದು ಎಂಜಿನಿಯರಿಂಗ್ ಪುಸ್ತಕದಲ್ಲಿ ಇರಲಾರದು. ಅವರು ಎದ್ದು ಕೈ ಕೊಡವಿಕೊಂಡರು. "ನಾನೂ ಇಲ್ಲೇ ಹುಟ್ಟಿದ್ದು," ಎಂದರು, ಯಾರಿಗೂ ಅಲ್ಲದ ಹಾಗೆ.

"ಹಂಗಾದ್ರೆ ನಿನ್ನನ್ನೂ ನಾನೇ ತಳ್ಳಿರ್ತೀನಿ," ಎಂದಳು ಮುದುಕಿ. "ಒಳಗೆ ತಳ್ಳಿದ್ದು ನೆನಪಿಲ್ದಿದ್ರೆ ಪರವಾಗಿಲ್ಲ, ಈಗ ಈ ಬಾಗಿಲನ್ನ ಆಚೆ ತಳ್ಳಬೇಡ."

ಕೆಡವುವ ಯೋಜನೆ ಅಲ್ಲಿಗೆ ನಿಂತಿತು. ಕಾರುಗಳು ಬೇರೆ ಜಾಗ ನೋಡಿಕೊಂಡವು. ಸ್ವಲ್ಪ ದೂರ ನಡೆದು ಬಂದುದರಿಂದ ಯಾವ ಅಧಿಕಾರಿಯ ಕಾಲೂ ಸವೆಯಲಿಲ್ಲ. ವಾರ ಕಳೆಯುವುದರೊಳಗೆ ಟ್ರೇಸರಮ್ಮನ ಮೇಜಿಗೆ ಒಂದು ಮೆಮೊ ಬಂತು: ಇಪ್ಪತ್ತೆಂಟು ವರ್ಷದ ಹಿಂದಿನ ಲೋಪಕ್ಕೆ ಏಳು ದಿನದೊಳಗೆ ಸಮಜಾಯಿಷಿ ಕೊಡಬೇಕು. ತಪ್ಪು ನಕ್ಷೆಗೆ ಸಹಿ ಹಾಕಿದ ಮೂವರಿಗೆ ಮೆಮೊ ಇಲ್ಲ, ಅದನ್ನು ನಂಬಿ ಗೋಡೆ ಕೆಡವಲು ಹೊರಟವರಿಗೂ ಇಲ್ಲ. ತಪ್ಪಾಯಿತು ಎಂದವಳಿಗೆ ಒಬ್ಬಳಿಗೆ ಇದೆ. ನಿಜ ಹೇಳಿದರೆ ಏನಾಗುತ್ತದೆ ಎಂದು ಕಚೇರಿಗಳು ಹೀಗೆ ಪಾಠ ಹೇಳುತ್ತವೆ, ಮತ್ತೆ ಯಾರೂ ನಿಜ ಹೇಳುವುದಿಲ್ಲ ಎಂದು ಅವೇ ಕೊರಗುತ್ತವೆ. ಮಗಳು ಮೆಮೊ ಓದಿ ಕೆಂಡವಾದಳು. "ಇದಕ್ಕೆ ಉತ್ತರ ನಾನು ಬರೀತೀನಮ್ಮ!"

"ನೀನು ಕಣ್ಣು ನೋಡು. ಕಾಗದ ನಾನು ನೋಡ್ಕೋತೀನಿ."

ಆಕೆಯ ಉತ್ತರ ಒಂದೇ ಸಾಲು: "ನೋಡದೆ ಬರೆದೆ, ಈಗ ನೋಡಿ ಬರೆದುಕೊಡುತ್ತೇನೆ."

ಬರೆದುಕೊಟ್ಟಳು. ಮುಂದಿನ ಭಾನುವಾರ ಗಂಡ ಟೇಪಿನ ಒಂದು ತುದಿ ಹಿಡಿದ, ಆಕೆ ಇನ್ನೊಂದು. ಎಡಭಾಗದಿಂದಲೇ ಶುರು. ಮಗಳು ಸ್ಟೂಲಿನ ಮೇಲೆ ಕೂತು ಅಳತೆ ಗುರುತು ಹಾಕಿಕೊಂಡಳು. ಅಂಗಳದ ಇಳಿಜಾರಿನ ಉದ್ದ, ಬಾಗಿಲಿನ ಅಗಲ, ಹೊಸಿಲಿನ ಎರಡು ಹಳ್ಳಗಳ ಆಳ, ಐದು ಕಿಟಕಿ, ಐದು ಹೂವು, ಮೂವತ್ತು ಎಸಳು. ಆಮೇಲೆ ಬಲಭಾಗವನ್ನೂ ಹೊಸದಾಗಿ. ನಲವತ್ತೆರಡನೆಯ ನೋಟ್‌ಬುಕ್ಕಿನ ಮೊದಲ ಹದಿನಾರು ಪುಟ ಅದೊಂದೇ ಕಟ್ಟಡ. ಅಂತಿಮ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡಿದರೆ ಸಾಕಾಗಿತ್ತು. ಆಕೆ ಟ್ರೇಸಿಂಗ್ ಹಾಳೆಯನ್ನೇ ತರಿಸಿದಳು, ನಡುಮನೆಯ ಮೇಜಿನ ಮೇಲೆ ಹಾಸಿದಳು. ಎರಡು ವಾರ ಗಂಡ ನೆಲದ ಮೇಲೆ ಕಂಬಳಿ ಹಾಸಿಕೊಂಡು ಇಸ್ತ್ರಿ ಮಾಡಿದ, ತಮಾಷೆ ಮಾಡಲಿಲ್ಲ. ಡಿಪೋದಲ್ಲಿ ಯಾರೋ ಹಳೇ ಕಥೆ ಕೇಳಿದಾಗ ಮಾತ್ರ, "ಆ ಕಥೆ ಅರ್ಧ ಗೊತ್ತಿತ್ತು. ಇವತ್ತು ಪೂರ್ತಿ ಹೇಳ್ತೀನಿ, ಕೂತ್ಕೊಳಿ," ಎಂದನಂತೆ.

ನಕ್ಷೆಯ ಬಲಮೂಲೆಯ ಚೌಕದಲ್ಲಿ "ತಿದ್ದುಪಡಿ" ಎಂಬ ಸಾಲು ಇರುತ್ತದೆ. ಅಲ್ಲಿ ಏನು ಬರೆಯಬೇಕು ಎಂದು ಮುಖ್ಯ ಎಂಜಿನಿಯರರೇ ಕರೆದು ಹೇಳಿದರು. "ಅಕ್ಕಾ, 'ಸ್ಥಳದ ಈಗಿನ ಸ್ಥಿತಿಗೆ ಅನುಗುಣವಾಗಿ ಪರಿಷ್ಕರಿಸಿದೆ' ಅಂತ ಹಾಕಿ. ಎಲ್ಲರ ಮಾನನೂ ಉಳಿಯತ್ತೆ. ಮೆಮೊನೂ ಮುಚ್ಚಿಹಾಕಿಸ್ತೀನಿ."

"ಸ್ಥಳ ಎಲ್ಲಿ ಬದಲಾಗಿದೆ ಸಾರ್? ಅದು ಇದ್ದ ಹಾಗೇ ಇದೆ. ಹಂಗೆ ಬರೆದ್ರೆ ಇನ್ನು ನೂರು ವರ್ಷ ಆದ್ಮೇಲೂ ಕಟ್ಟಡದ್ದೇ ತಪ್ಪು ಅಂತಾಗತ್ತೆ."

"ನಿಮ್ಮ ಹೆಸರು ಕೆಡತ್ತಕ್ಕಾ."

"ನನ್ನ ಹೆಸರು ಇರೋದೇ ಎರಡಕ್ಷರ ಸಾರ್. ಕೆಟ್ಟರೆ ಎಷ್ಟು ಕೆಡತ್ತೆ?"

ಅವರು ಪೇಪರ್‌ವೇಟು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ನಕ್ಷೆಯನ್ನು ಆಕೆಯ ಕಡೆ ಸರಿಸಿದರು.

ಆ ಹಾಳೆ ಈಗ ದಾಖಲೆ ಕೋಣೆಯಲ್ಲಿದೆ. ಬೇಕಾದವರು ಅರ್ಜಿ ಕೊಟ್ಟು ನೋಡಬಹುದು. ನಡುವೆ ಮಡಿಕೆಯಿಲ್ಲ, ಬೆರಳಾಡಿಸಿದರೆ ಎರಡೂ ಕಡೆ ಶಾಯಿ ಒಂದೇ ಮೈಮೇಲೆ ತಾಗುತ್ತದೆ. ಬಲಮೂಲೆಯ ಚೌಕದಲ್ಲಿ "ಅಳತೆ ತೆಗೆದವರು", "ಬರೆದವರು", "ಟ್ರೇಸ್ ಮಾಡಿದವರು" ಎಂಬ ಮೂರೂ ಸಾಲಿನ ಮುಂದೆ ಆಕೆಯ ಹೆಸರು ಪೂರ್ತಿಯಾಗಿದೆ, ಅಂದವಾದ ದುಂಡು ಅಕ್ಷರದಲ್ಲಿ. ಅದರ ಕೆಳಗೆ:

"ತಿದ್ದುಪಡಿ 1. ಹಿಂದಿನ ನಕ್ಷೆಯ ಎಡಭಾಗ ತಪ್ಪು. ಕಟ್ಟಡ ಸರಿ. ಎಡಬಾಗಿಲಿಗೆ ಮೆಟ್ಟಿಲಿಲ್ಲ."